ಕಡಿಮೆ ಖರ್ಚಿನಲ್ಲಿ ಬೈಕಿನ ಆರೈಕೆ ಮತ್ತು ಮಾರ್ಪಾಡು: ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸಗಳು

ಬೈಕಿಗೆ ಹೊಸದೇನನ್ನಾದರೂ ಹಾಕಿಸಬೇಕೆಂದು ಯೋಚಿಸುವವರಲ್ಲಿ ಬಹಳ ಮಂದಿ, ಕಾರ್ಖಾನೆಯವರೇ ಅದರಲ್ಲಿ ಬಿಟ್ಟಿರುವ ಹೊಂದಾಣಿಕೆಗಳನ್ನು ಒಮ್ಮೆಯೂ ಮುಟ್ಟಿ ನೋಡಿರುವುದಿಲ್ಲ. ಹ್ಯಾಂಡಲಿನ ಓರೆ, ಕ್ಲಚ್ ಮತ್ತು ಬ್ರೇಕ್ ಲಿವರುಗಳ ಇಳಿಜಾರು, ಬ್ರೇಕ್ ಪೆಡಲಿನ ಎತ್ತರ, ಹಿಂದಿನ ಸ್ಪ್ರಿಂಗಿನ ಬಿಗಿತ, ಹೆಡ್‌ಲೈಟಿನ ದಿಕ್ಕು ಇವೆಲ್ಲ ಒಂದೆರಡು ಸ್ಪ್ಯಾನರುಗಳಿಂದ ಬದಲಾಯಿಸಬಹುದಾದವು. ಕೊಂಡು ತಂದು ಹಾಕುವ ಅಲಂಕಾರದ ಸಾಮಾನುಗಳಿಗಿಂತ ಈ ಪುಕ್ಕಟೆ ಬದಲಾವಣೆಗಳೇ ಸವಾರಿಯ ಸುಖವನ್ನು ಹೆಚ್ಚಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ಇಲ್ಲಿ ಮೊದಲು ಹೊಂದಾಣಿಕೆ, ಅನಂತರ ಆರೈಕೆ, ಕಡೆಗೆ ಮಾರ್ಪಾಡು ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇನೆ. ಕೆಲಸ ಮಾಡುವಾಗಲೂ ಇದೇ ಕ್ರಮ ಒಳ್ಳೆಯದು. ಚೈನು ಜೋತುಬಿದ್ದಿರುವ, ಟೈರಿನಲ್ಲಿ ಗಾಳಿ ಸಾಲದ ಬೈಕಿಗೆ ಏನನ್ನು ಜೋಡಿಸಿದರೂ ಅದರ ಗುಣಾವಗುಣ ತಿಳಿಯುವುದಿಲ್ಲ.

ಸಲಕರಣೆಗಳ ಪಟ್ಟಿ ದೊಡ್ಡದೇನಲ್ಲ. ಬೈಕಿನ ಜೊತೆ ಬಂದ ಕೈಪಿಡಿ, ರಿಂಗ್ ಸ್ಪ್ಯಾನರುಗಳ ಒಂದು ಸೆಟ್ಟು, ಆಲನ್ ಕೀಗಳು, ಗಾಳಿಯ ಒತ್ತಡ ಅಳೆಯುವ ಗೇಜು, ಸಾಧಾರಣ ಮಲ್ಟಿಮೀಟರು, ಸ್ಪಾರ್ಕ್ ಪ್ಲಗ್ ಬಿಚ್ಚುವ ಸಾಕೆಟ್, ಸಣ್ಣ ಸಂದುಗಳನ್ನು ಅಳೆಯುವ ಫೀಲರ್ ಗೇಜು ಇಷ್ಟಿದ್ದರೆ ಮುಂದೆ ಹೇಳುವ ಕೆಲಸಗಳೆಲ್ಲ ಆಗುತ್ತವೆ. ಸ್ಕ್ರೂಡ್ರೈವರಿನ ಬಗ್ಗೆ ಮಾತ್ರ ಎರಡು ಮಾತು ಹೇಳಬೇಕು. ಜಪಾನಿನ ವಿನ್ಯಾಸದ ಬೈಕುಗಳಲ್ಲಿ ನಕ್ಷತ್ರದ ತಲೆಯಂತೆ ಕಾಣುವ ಸ್ಕ್ರೂಗಳು ಹಲವೆಡೆ ಫಿಲಿಪ್ಸ್ ಮಾದರಿಯವಲ್ಲ, ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್ ಮಾದರಿಯವು. ತಲೆಯ ಮೇಲೆ ಸಣ್ಣ ಚುಕ್ಕಿಯಿದ್ದರೆ ಸಾಮಾನ್ಯವಾಗಿ ಅದು ಈ ಜಾತಿಯದು. ಫಿಲಿಪ್ಸ್ ಡ್ರೈವರಿನ ತುದಿ ಅದರ ತಳದವರೆಗೆ ಇಳಿಯದೆ ಜಾರಿ ತಲೆಯನ್ನು ಸವೆಸಿಬಿಡುತ್ತದೆ. ‘ಸ್ಕ್ರೂ ಕೆಟ್ಟದ್ದು’ ಎಂದು ಬೈಸಿಕೊಳ್ಳುವ ಎಷ್ಟೋ ಸ್ಕ್ರೂಗಳ ತಪ್ಪು ಇಷ್ಟೇ. ಈಗಾಗಲೇ ಜಾರತೊಡಗಿದ್ದರೆ ಡ್ರೈವರಿನ ತುದಿಗೆ ವಾಲ್ವ್ ಉಜ್ಜುವ ಪೇಸ್ಟನ್ನು ಸ್ವಲ್ಪ ಹಚ್ಚಿ ಗಟ್ಟಿಯಾಗಿ ಒತ್ತಿ ತಿರುಗಿಸಿದರೆ, ಅದರಲ್ಲಿರುವ ಹರಳಿನ ಪುಡಿ ಹಿಡಿತ ಕೊಡುತ್ತದೆ.

ಖರ್ಚೇ ಇಲ್ಲದ ಹೊಂದಾಣಿಕೆಗಳು

ಬೈಕನ್ನು ಸಮತಟ್ಟಾದ ಜಾಗದಲ್ಲಿ ನೇರವಾಗಿ ನಿಲ್ಲಿಸಿ, ಸವಾರಿಯ ಭಂಗಿಯಲ್ಲಿ ಕುಳಿತು, ಕಣ್ಣು ಮುಚ್ಚಿ ಕೈಗಳನ್ನು ಸಹಜವಾಗಿ ಮುಂದಕ್ಕೆ ಚಾಚಿರಿ. ಕೈ ಹೋಗಿ ನಿಂತ ಜಾಗದಲ್ಲೇ ಹಿಡಿ ಇದ್ದು, ಮಣಿಕಟ್ಟು ಮೇಲಕ್ಕಾಗಲಿ ಕೆಳಕ್ಕಾಗಲಿ ಮಡಚದಿದ್ದರೆ ಹ್ಯಾಂಡಲ್ ಸರಿಯಾಗಿದೆ. ಇಲ್ಲದಿದ್ದರೆ ಹ್ಯಾಂಡಲನ್ನು ಹಿಡಿದಿರುವ ಕ್ಲಾಂಪಿನ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ, ಕೆಲವೇ ಡಿಗ್ರಿಗಳಷ್ಟು ತಿರುಗಿಸಿ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಮತ್ತೆ ಬಿಗಿಯಬೇಕು. ಮೂಲ ಸ್ಥಾನವನ್ನು ಮೊದಲೇ ಒಂದು ಪೆನ್ನಿನ ಗುರುತಿನಿಂದ ಉಳಿಸಿಕೊಂಡಿದ್ದರೆ ಹಿಂದಿರುಗುವುದು ಸುಲಭ. ಬಿಗಿದ ನಂತರ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿ, ಯಾವ ಕೇಬಲೂ ಎಳೆದುಕೊಳ್ಳುತ್ತಿಲ್ಲ, ಲಿವರ್ ಟ್ಯಾಂಕಿಗೆ ತಗಲುತ್ತಿಲ್ಲ ಎಂಬುದನ್ನು ನೋಡಬೇಕು. ಗೇರು ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರಲಿ. ಆಗಲೂ ಹೀಗೆಯೇ ತಿರುಗಿಸಿ ನೋಡಿ. ತಿರುಗಿಸಿದಾಗ ಎಂಜಿನ್ನಿನ ವೇಗ ತಾನಾಗಿಯೇ ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಬೈಕನ್ನು ರಸ್ತೆಗೆ ಇಳಿಸಬಾರದು.

ಲಿವರುಗಳನ್ನು ಬೆರಳು ಇಟ್ಟಾಗ ಮುಂಗೈ ಮತ್ತು ಬೆರಳುಗಳು ಒಂದೇ ಸರಳರೇಖೆಯಲ್ಲಿ ಬರುವಂತೆ ತಿರುಗಿಸಿಕೊಳ್ಳಬೇಕು. ದೂರದ ಸವಾರಿಯಲ್ಲಿ ಮಣಿಕಟ್ಟು ನೋಯುವುದಕ್ಕೆ ಅತಿಯಾಗಿ ಮೇಲಕ್ಕೆ ಎತ್ತಿದ ಲಿವರೇ ಹಲವು ಬಾರಿ ಕಾರಣ. ಡಿಸ್ಕ್ ಬ್ರೇಕಿನ ಲಿವರನ್ನು ತಿರುಗಿಸುವಾಗ ಅದರ ಜೊತೆಗಿರುವ ದ್ರವದ ಡಬ್ಬಿಯೂ ಓರೆಯಾಗುತ್ತದೆಯಾದ್ದರಿಂದ ಅಲ್ಲಿ ಸ್ವಲ್ಪದರಲ್ಲೇ ತೃಪ್ತಿಪಡಬೇಕು. ಮಣ್ಣು ರಸ್ತೆಯ ಸವಾರರಲ್ಲಿ ರೂಢಿಯಲ್ಲಿರುವ ಒಂದು ಉಪಾಯವಿದೆ: ಕ್ಲಚ್ ಲಿವರಿನ ಕ್ಲಾಂಪಿನ ಕೆಳಗೆ ಹ್ಯಾಂಡಲಿಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಕೆಲವು ಸುತ್ತು ಸುತ್ತಿ ಬೋಲ್ಟನ್ನು ಬಿಗಿಯುವುದು. ಸವಾರಿಯಲ್ಲಿ ಲಿವರ್ ಅಲುಗುವುದಿಲ್ಲ, ಆದರೆ ಬೈಕು ಬಿದ್ದರೆ ಮುರಿಯುವ ಬದಲು ತಿರುಗಿಕೊಳ್ಳುತ್ತದೆ.

ಬ್ರೇಕ್ ಪೆಡಲಿನ ಎತ್ತರವನ್ನು, ಪಾದ ಫುಟ್‌ರೆಸ್ಟಿನ ಮೇಲಿರುವಾಗ ಕಾಲನ್ನು ಎತ್ತದೆಯೇ ಒತ್ತಲು ಬರುವಂತೆ ಹೊಂದಿಸಿಕೊಳ್ಳಿ. ಪೆಡಲ್ ಬದಲಾದರೆ ಹಿಂದಿನ ಬ್ರೇಕ್ ಲೈಟ್ ಹೊತ್ತಿಕೊಳ್ಳುವ ಹೊತ್ತೂ ಬದಲಾಗುತ್ತದೆ; ಅದರ ಸ್ವಿಚ್ಚಿಗೆ ಬೇರೆಯೇ ನಟ್ಟು ಇರುತ್ತದೆ.

ಹೆಡ್‌ಲೈಟಿನ ದಿಕ್ಕನ್ನು ಸರಿಪಡಿಸಲು ಗೋಡೆಯಿಂದ 5 ಮೀಟರು ದೂರದಲ್ಲಿ ಬೈಕನ್ನು ನಿಲ್ಲಿಸಿ, ಎಂದಿನ ತೂಕದ ಸವಾರ ಅದರ ಮೇಲೆ ಕುಳಿತಿರುವಾಗ ದೀಪದ ನಡುಬಿಂದುವಿನ ಎತ್ತರವನ್ನು ನೆಲದಿಂದ ಅಳೆದು ಗೋಡೆಯ ಮೇಲೆ ಗುರುತು ಮಾಡಬೇಕು. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 5ರಿಂದ 8 ಸೆಂಟಿಮೀಟರು ಕೆಳಗೆ ಬೀಳುವಂತೆ ಇಟ್ಟರೆ ರಸ್ತೆಯೂ ಕಾಣುತ್ತದೆ, ಎದುರಿನವರ ಕಣ್ಣೂ ಕುಕ್ಕುವುದಿಲ್ಲ. ಹಿಂದಿನ ಸ್ಪ್ರಿಂಗಿನ ಬಿಗಿತವನ್ನು ಬದಲಿಸಿದಾಗಲೆಲ್ಲ ಬೈಕಿನ ಓರೆ ಬದಲಾಗಿ ಈ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಸ್ಪ್ರಿಂಗ್ ಮೊದಲು, ದೀಪ ಅನಂತರ. ಹಿಂದೆ ಎರಡು ಶಾಕ್ ಅಬ್ಸಾರ್ಬರುಗಳಿದ್ದರೆ ಎರಡನ್ನೂ ಒಂದೇ ಮೆಟ್ಟಿಲಿನಲ್ಲಿ ಇಡಬೇಕು ಎಂಬುದನ್ನು ಮರೆಯಬಾರದು.

ಚೈನು

ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಹಾಕಿದ ಶ್ರಮಕ್ಕೆ ಅತಿ ಹೆಚ್ಚು ಪ್ರತಿಫಲ ಕೊಡುವುದು ಚೈನಿನ ಆರೈಕೆ. ತೆರೆದ ಚೈನಿರುವ ಬೈಕಿನಲ್ಲಿ 500ರಿಂದ 1000 ಕಿಲೋಮೀಟರಿಗೊಮ್ಮೆ, ಮಳೆ ಅಥವಾ ಧೂಳಿನ ಹಾದಿಯಾದರೆ ಅದಕ್ಕಿಂತ ಬೇಗ, ಇದನ್ನು ಮಾಡಬೇಕು. ಬೈಕನ್ನು ಸೆಂಟರ್ ಸ್ಟ್ಯಾಂಡ್ ಅಥವಾ ಹಿಂಗಾಲಿಯನ್ನು ಎತ್ತುವ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಚೈನಿಗೆ ಕೈಹಚ್ಚಬೇಕು. ಎಂಜಿನ್ ಓಡಿಸಿ ಗೇರು ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ಅಭ್ಯಾಸ ಕೆಲವರಲ್ಲಿದೆ. ಬಟ್ಟೆಯ ಜೊತೆ ಬೆರಳುಗಳೂ ಚೈನು ಸುತ್ತುವ ಹಲ್ಲುಗಾಲಿಯಾದ ಸ್ಪ್ರಾಕೆಟ್ಟಿನೊಳಗೆ ಹೋಗುವುದು ಹೀಗೆಯೇ. ಗಾಲಿಯನ್ನು ಕೈಯಿಂದ ತಿರುಗಿಸಿದರೆ ಸಾಕು.

ಸೀಮೆಎಣ್ಣೆಯಲ್ಲಿ ಅದ್ದಿದ ಮೃದುವಾದ ಬ್ರಷ್ಷಿನಿಂದ ಚೈನನ್ನು ಉಜ್ಜಿ, ಹಳೆಯ ಬಟ್ಟೆಯಿಂದ ಒರೆಸಿ, ಒಣಗಲು ಬಿಡಬೇಕು. ಪೆಟ್ರೋಲ್ ಬಳಸಬಾರದು, ಏಕೆಂದರೆ ಈಗಿನ ಹೆಚ್ಚಿನ ಚೈನುಗಳ ಕೊಂಡಿಗಳ ನಡುವೆ ಗ್ರೀಸನ್ನು ಹಿಡಿದಿಡುವ ಸಣ್ಣ ರಬ್ಬರ್ ಉಂಗುರಗಳಿರುತ್ತವೆ. ಪೆಟ್ರೋಲ್ ಅವುಗಳನ್ನು ಕೆಡಿಸುತ್ತದೆ, ತಂತಿಯ ಬ್ರಷ್ ಅವುಗಳನ್ನು ಕತ್ತರಿಸುತ್ತದೆ. ಎಣ್ಣೆಯಾಗಿ ದುಬಾರಿ ಸ್ಪ್ರೇ ಡಬ್ಬಿಯೇ ಬೇಕೆಂದಿಲ್ಲ. ಹಲವು ಕೈಪಿಡಿಗಳೇ ಸೂಚಿಸುವ ಎಸ್‌ಎಇ 80 ಅಥವಾ 90ರ ಗೇರ್ ಆಯಿಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಚೈನಿನ ಒಳಮೈಗೆ, ಅಂದರೆ ಸ್ಪ್ರಾಕೆಟ್ಟಿಗೆ ತಾಗುವ ಬದಿಗೆ, ಹನಿಹನಿಯಾಗಿ ಬಿಡುತ್ತ ಗಾಲಿಯನ್ನು ತಿರುಗಿಸಿದರೆ, ಬೈಕು ಓಡುವಾಗ ಎಣ್ಣೆ ತಾನೇ ಹೊರಕ್ಕೆ ಹರಡುತ್ತದೆ. ಸವಾರಿ ಮುಗಿಸಿ ಬಂದ ಮೇಲೆ, ಚೈನು ಇನ್ನೂ ಬೆಚ್ಚಗಿರುವಾಗ ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೊರಮೈಯ ಹೆಚ್ಚುವರಿ ಎಣ್ಣೆಯನ್ನು ಒರೆಸಿದರೆ ಟೈರಿಗೆ ಸಿಡಿಯುವುದೂ ತಪ್ಪುತ್ತದೆ, ಧೂಳು ಅಂಟುವುದೂ ಕಡಿಮೆಯಾಗುತ್ತದೆ.

ಸಡಿಲವನ್ನು ಅಳೆಯುವಾಗ ಒಂದೇ ಜಾಗದಲ್ಲಿ ನೋಡಿದರೆ ಸಾಲದು. ಚೈನು ಎಲ್ಲ ಕಡೆ ಸಮವಾಗಿ ಸವೆಯುವುದಿಲ್ಲ; ಗಾಲಿಯನ್ನು ತಿರುಗಿಸುತ್ತ ಅತಿ ಬಿಗಿಯಾದ ಜಾಗವನ್ನು ಕಂಡುಕೊಂಡು ಅಲ್ಲಿ ಅಳೆಯಬೇಕು. ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯದಲ್ಲಿ ಚೈನನ್ನು ಮೇಲೆ ಕೆಳಗೆ ಒತ್ತಿದಾಗ ಒಟ್ಟು ಚಲನೆ ಹೆಚ್ಚಿನ ರಸ್ತೆ ಬೈಕುಗಳಲ್ಲಿ 20ರಿಂದ 35 ಮಿಲಿಮೀಟರಿನೊಳಗೆ ಇರುತ್ತದೆ. ನಿಖರವಾದ ಅಂಕಿ ಮತ್ತು ಅಳೆಯುವ ಬಗೆ ಚೈನಿನ ಹತ್ತಿರದ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಸಿಗುತ್ತದೆ. ತೀರ ಬಿಗಿಯಾದ ಚೈನು ಸಡಿಲ ಚೈನಿಗಿಂತ ಹೆಚ್ಚು ನಷ್ಟ ತರುತ್ತದೆ: ಸವಾರ ಕುಳಿತು ಸಸ್ಪೆನ್ಷನ್ ಕುಗ್ಗಿದಾಗ ಅದು ಇನ್ನಷ್ಟು ಬಿಗಿದು, ಗೇರ್‌ಬಾಕ್ಸಿನ ಮತ್ತು ಗಾಲಿಯ ಬೇರಿಂಗುಗಳನ್ನು ಎಳೆದು ಹಾಳುಮಾಡುತ್ತದೆ.

ಚೈನನ್ನು ಬಿಗಿದ ಮೇಲೆ ಹಿಂದಿನ ಗಾಲಿ ನೇರವಾಗಿದೆಯೇ ಎಂದು ನೋಡಲು ಆ ಗಾಲಿಯನ್ನು ಹಿಡಿದಿರುವ ತೋಳಾದ ಸ್ವಿಂಗ್‌ಆರ್ಮಿನ ಮೇಲಿನ ಗೀಟುಗಳನ್ನೇ ಪೂರ್ತಿ ನಂಬುವಂತಿಲ್ಲ. ಉದ್ದನೆಯ ದಾರವೊಂದನ್ನು ಹಿಂದಿನ ಟೈರಿನ ಹಿಂಭಾಗಕ್ಕೆ, ಸ್ಟ್ಯಾಂಡಿಗೆ ತಗಲದಷ್ಟು ಎತ್ತರದಲ್ಲಿ ಸುತ್ತಿ, ಎರಡೂ ತುದಿಗಳನ್ನು ಎರಡು ಬದಿಗಳಿಂದ ಮುಂದಿನ ಟೈರಿನ ಆಚೆಗೆ ಎಳೆದು ಕಟ್ಟಿರಿ. ಎರಡೂ ಬದಿಯಲ್ಲಿ ದಾರವು ಹಿಂದಿನ ಟೈರಿನ ಮುಂದಂಚನ್ನು ಆಗತಾನೇ ಮುಟ್ಟುವಂತಿದ್ದು, ನೇರವಾಗಿ ನಿಲ್ಲಿಸಿದ ಮುಂದಿನ ಟೈರಿಗೆ ಎಡಬಲಗಳಲ್ಲಿ ಸಮನಾದ ಅಂತರ ಬಿಟ್ಟಿದ್ದರೆ ಗಾಲಿಗಳು ಒಂದೇ ಸಾಲಿನಲ್ಲಿವೆ. ಕೊನೆಗೆ ಆಕ್ಸೆಲ್ ನಟ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿತಕ್ಕೆ ತಂದು, ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದಲ್ಲಿ ಹೊಸದನ್ನೇ ಹಾಕಬೇಕು. ಹಿಂದಿನ ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಹೊರಗೆ ಕಂಡರೆ, ಅಥವಾ ಹಲ್ಲುಗಳು ಕೊಕ್ಕೆಯಂತೆ ಒಂದು ಕಡೆಗೆ ವಾಲಿದ್ದರೆ ಆರೈಕೆಯ ಕಾಲ ಮುಗಿದಿದೆ. ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಬದಲಿಸಬೇಕು. ಹಳೆಯ ಸ್ಪ್ರಾಕೆಟ್ಟಿನ ಮೇಲೆ ಹೊಸ ಚೈನು ಹಾಕುವುದು ಉಳಿತಾಯವಲ್ಲ.

ಕೇಬಲ್, ಆಯಿಲ್, ಫಿಲ್ಟರ್, ಪ್ಲಗ್

ಕ್ಲಚ್ ಗಟ್ಟಿಯಾದರೆ ಮೊದಲು ಕೇಬಲಿನೊಳಗೆ ಎಣ್ಣೆ ಇಳಿಸಿ ನೋಡಿ. ಕೇಬಲಿನ ಮೇಲ್ತುದಿಯನ್ನು ಲಿವರಿನಿಂದ ಬಿಡಿಸಿ, ಸಣ್ಣ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕತ್ತರಿಸಿ ಕೇಬಲಿನ ಹೊರಕವಚಕ್ಕೆ ಆಲಿಕೆಯಂತೆ ಟೇಪಿನಿಂದ ಬಿಗಿದು, ಅದರೊಳಗೆ ತೆಳುವಾದ ಎಣ್ಣೆಯನ್ನು ಹಾಕಿ ನೇರವಾಗಿ ನೇತುಹಾಕಿದರೆ ರಾತ್ರಿ ಕಳೆಯುವಷ್ಟರಲ್ಲಿ ಅದು ಕೆಳತುದಿಯವರೆಗೆ ಇಳಿದಿರುತ್ತದೆ. ಒಳಗೆ ನೈಲಾನ್ ಅಥವಾ ಟೆಫ್ಲಾನ್ ಪದರವಿರುವ, ಎಣ್ಣೆ ಬೇಡವೆಂದು ತಯಾರಕರೇ ಹೇಳಿರುವ ಕೇಬಲುಗಳನ್ನು ಮಾತ್ರ ಬಿಟ್ಟುಬಿಡಿ. ಎಳೆಯೊಂದು ಬಿಚ್ಚಿಕೊಂಡಿರುವುದು ಕಂಡರೆ ಎಣ್ಣೆಯಿಂದ ಪ್ರಯೋಜನವಿಲ್ಲ, ಕೇಬಲನ್ನೇ ಬದಲಿಸಬೇಕು. ದೂರದ ಪ್ರಯಾಣ ಮಾಡುವವರು ಹೊಸ ಕೇಬಲೊಂದನ್ನು ಹಳೆಯದರ ಪಕ್ಕದಲ್ಲೇ, ಅದೇ ದಾರಿಯಲ್ಲಿ ಎಳೆದು, ತುದಿಗಳಿಗೆ ಟೇಪು ಸುತ್ತಿ ಕಟ್ಟಿಟ್ಟುಕೊಂಡರೆ, ದಾರಿಯಲ್ಲಿ ಕೇಬಲ್ ತುಂಡಾದಾಗ ಟ್ಯಾಂಕ್ ಬಿಚ್ಚುವ ಗೋಜಿಲ್ಲದೆ ತುದಿಗಳನ್ನು ಬದಲಿಸಿಕೊಂಡು ಮುಂದುವರಿಯಬಹುದು. ಲಿವರಿನ ತುದಿಯಲ್ಲಿ ಸುಮಾರು 10ರಿಂದ 20 ಮಿಲಿಮೀಟರು ಸಡಿಲ ಇರಲೇಬೇಕು. ಅದಿಲ್ಲದಿದ್ದರೆ ಕ್ಲಚ್ ಪೂರ್ತಿ ಹಿಡಿಯದೆ ಜಾರುತ್ತ ಸುಟ್ಟುಹೋಗುತ್ತದೆ.

ಎಂಜಿನ್ ಆಯಿಲ್ ವಿಷಯದಲ್ಲಿ ಕಾರಿನದನ್ನು ಬೈಕಿಗೆ ಹಾಕುವ ಉಳಿತಾಯ ಬೇಡ. ಹೆಚ್ಚಿನ ಬೈಕುಗಳ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಬೆರೆಸಿದ ಕಾರಿನ ಆಯಿಲ್ ಆ ಕ್ಲಚ್ಚನ್ನು ಜಾರುವಂತೆ ಮಾಡಬಲ್ಲದು. ಡಬ್ಬಿಯ ಮೇಲೆ ಬೈಕಿನ ಆಯಿಲಿಗೆಂದಿರುವ ಜಪಾನಿನ ಮಾನದಂಡವಾದ ಜಾಸೊ ಎಂಎ ಅಥವಾ ಎಂಎ2 ಎಂಬ ಗುರುತು ಮತ್ತು ಕೈಪಿಡಿ ಹೇಳಿದ ದಪ್ಪ ಇದ್ದರೆ ಸಾಕು. ಎಂಜಿನ್ನನ್ನು ಕೆಲವು ನಿಮಿಷ ಬೆಚ್ಚಗೆ ಮಾಡಿ ಹಳೆಯದನ್ನು ಇಳಿಸಿದರೆ ಕೊಳೆಯೂ ಅದರೊಂದಿಗೆ ಬರುತ್ತದೆ. ಡ್ರೈನ್ ಬೋಲ್ಟಿನ ವಾಷರನ್ನು ಬದಲಿಸುವುದು ಉತ್ತಮ. ಅದು ಗಟ್ಟಿ ತಾಮ್ರದ್ದಾಗಿದ್ದು ಹೊಸದು ಸಿಗದಿದ್ದರೆ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದಾಗ ತಾಮ್ರ ಮತ್ತೆ ಮೆದುವಾಗುತ್ತದೆ. ಇಳಿಸಿದ ಆಯಿಲನ್ನು ಮಣ್ಣಿಗಾಗಲಿ ಚರಂಡಿಗಾಗಲಿ ಸುರಿಯದೆ ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಏರ್ ಫಿಲ್ಟರ್ ಸ್ಪಂಜಿನದ್ದಾದರೆ ಸೋಪಿನ ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿದ ಮೇಲೆ ಫಿಲ್ಟರಿನ ಎಣ್ಣೆ ಹಚ್ಚಿ ಹಾಕಬಹುದು. ಕಾಗದದ ಫಿಲ್ಟರನ್ನು ತೊಳೆಯಬಾರದು. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಹಾಯಿಸಬಹುದು. ಕಾಗದ ಅಂಟಂಟಾಗಿದ್ದರೆ ಅದು ಎಣ್ಣೆ ಹೀರಿಸಿ ಮಾಡಿದ ಬಗೆ, ಅದಕ್ಕೆ ಗಾಳಿಯೂ ಸಲ್ಲದು, ಅವಧಿ ಮುಗಿದಾಗ ಬದಲಿಸುವುದೊಂದೇ ದಾರಿ.

ಪ್ಲಗ್ಗನ್ನು ತಣ್ಣಗಿನ ಎಂಜಿನ್ನಿನಿಂದ ಮಾತ್ರ ಬಿಚ್ಚಿರಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಎಲ್ಲವೂ ಸರಿಯಿದೆ. ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾಗಿರುವುದರ, ಒದ್ದೆಯಾದ ಎಣ್ಣೆಮಸಿ ಎಂಜಿನ್ ಆಯಿಲ್ ಒಳಗೆ ನುಸುಳುತ್ತಿರುವುದರ, ಸುಟ್ಟಂತಹ ಬಿಳುಪು ಅತಿಯಾದ ಶಾಖದ ಸೂಚನೆ. ಮತ್ತೆ ಹಾಕುವಾಗ ಪ್ಲಗ್ಗಿನ ಹಿಂಬದಿಗೆ ಒಂದು ತುಂಡು ರಬ್ಬರ್ ಪೈಪನ್ನು ಸಿಕ್ಕಿಸಿ ಅದರಿಂದಲೇ ತಿರುಗಿಸಿದರೆ, ಮರೆ (ಪ್ಲಗ್ಗಿನ ಸುತ್ತಲಿನ ಥ್ರೆಡ್) ಓರೆಯಾಗಿ ಕೂತಾಗ ಪೈಪು ಜಾರಿ ಎಚ್ಚರಿಸುತ್ತದೆ. ಸ್ಪ್ಯಾನರು ಹಾಗೆ ಎಚ್ಚರಿಸುವುದಿಲ್ಲ, ಅಲ್ಯೂಮಿನಿಯಂ ಮರೆಯನ್ನು ಕಿತ್ತೇಬಿಡುತ್ತದೆ.

ಟೈರು ಮತ್ತು ಬ್ರೇಕು

ಟೈರಿನ ಒತ್ತಡವನ್ನು ಬೈಕು ಓಡಿಸುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಕೈಪಿಡಿ ಹೇಳುವ ಅಂಕಿ ತಣ್ಣನೆಯ ಟೈರಿನದು.

ಬ್ರೇಕಿನಲ್ಲಿ ಉಪಾಯಗಳಿಗೆ ಜಾಗ ಕಡಿಮೆ. ಪ್ಯಾಡಿನ ದಪ್ಪವನ್ನು ನೋಡುವುದು, ಡ್ರಮ್ ಬ್ರೇಕಿನ ಸಡಿಲವನ್ನು ಹಿಂದಿನ ನಟ್ಟಿನಿಂದ ಹೊಂದಿಸುವುದು, ಡಿಸ್ಕಿಗೆ ಎಣ್ಣೆಯಾಗಲಿ ಹೊಳಪಿನ ದ್ರವವಾಗಲಿ ತಾಗದಂತೆ ಕಾಯುವುದು ಇಷ್ಟು ಮನೆಯ ಕೆಲಸ. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತ ಹೋಗಿ ಅದರ ಕುದಿಯುವ ಬಿಂದು ಇಳಿಯುವುದರಿಂದ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ರೂಢಿಯಿದೆ. ಡಾಟ್ 4 ದರ್ಜೆಯ ದ್ರವ ಬೇಕಾದಲ್ಲಿ ಸಿಲಿಕೋನಿನ ಡಾಟ್ 5 ಹಾಕುವಂತಿಲ್ಲ. ಕೈ ಪಳಗಿಲ್ಲದಿದ್ದರೆ ಈ ಒಂದು ಕೆಲಸವನ್ನು ಮೆಕ್ಯಾನಿಕರಿಗೇ ಬಿಡಿ.

ವಿದ್ಯುತ್ತಿನ ಕೆಲಸಗಳು

ದೀಪ ಮಂಕಾಗಿದೆಯೆಂದು ಹೊಸ ಬಲ್ಬು ತರುವ ಮೊದಲು ಮಲ್ಟಿಮೀಟರು ಹಿಡಿಯಿರಿ. ಚೆನ್ನಾಗಿ ಚಾರ್ಜಾದ 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟಿನ ಆಸುಪಾಸಿನಲ್ಲಿ ತೋರಿಸುತ್ತದೆ. ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ಸುಮಾರು 13.8ರಿಂದ 14.5ಕ್ಕೆ ಏರಬೇಕು. ಇನ್ನು ದೀಪ ಹೊತ್ತಿಸಿ ಬಲ್ಬಿನ ಹಿಂದಿನ ಸಾಕೆಟ್ಟಿನಲ್ಲಿ ಅಳೆಯಿರಿ. ಒಳಗಿನ ತಂತಿ ಕಾದು ಬೆಳಗುವ ‘ತಂತಿ ಬಲ್ಬಿ’ಗೆ ಹೋಗುವ ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಕುಗ್ಗುತ್ತದೆ. ಆದ್ದರಿಂದ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತಿದ್ದರೆ ತಪ್ಪು ಬಲ್ಬಿನದಲ್ಲ. ಕನೆಕ್ಟರುಗಳನ್ನೂ ಚಾಸಿಗೆ ಸೇರುವ ಅರ್ತ್ ತಂತಿಯನ್ನೂ ಉಜ್ಜಿ ಶುಚಿಮಾಡಿ ಮತ್ತೆ ಅಳೆಯಿರಿ; ಅರ್ಧಕ್ಕರ್ಧ ಬೈಕುಗಳ ರೋಗ ಇಲ್ಲೇ ವಾಸಿಯಾಗುತ್ತದೆಂದು ನನಗನ್ನಿಸುತ್ತದೆ.

ಆಗಲೂ ಸಾಲದಿದ್ದರೆ ರಿಲೇ, ಅಂದರೆ ಅಲ್ಪ ವಿದ್ಯುತ್ತಿನಿಂದಲೇ ದೊಡ್ಡ ವಿದ್ಯುತ್ತಿನ ದಾರಿಯನ್ನು ತೆರೆದು ಮುಚ್ಚುವ ಸ್ವಿಚ್ಚು, ಹಾಕಬಹುದು. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ದಪ್ಪ ತಂತಿ, 87ಕ್ಕೆ ದೀಪಕ್ಕೆ ಹೋಗುವ ತಂತಿ, 86ಕ್ಕೆ ಹಳೆಯ ಸ್ವಿಚ್ಚಿನಿಂದ ಬರುವ ತಂತಿ, 85ಕ್ಕೆ ಅರ್ತ್. ಹೀಗೆ ಮಾಡಿದಾಗ ಸ್ವಿಚ್ಚಿನಲ್ಲಿ ಅತ್ಯಲ್ಪ ವಿದ್ಯುತ್ತು ಮಾತ್ರ ಹರಿಯುತ್ತದೆ, ದೀಪಕ್ಕೆ ನೇರ ದಾರಿ ಸಿಗುತ್ತದೆ. ಆದರೆ ಎಂಜಿನ್ನಿನ ವೇಗದೊಂದಿಗೆ ಹೆಡ್‌ಲೈಟಿನ ಬೆಳಕೂ ಏರಿಳಿಯುವ ಕೆಲವು ಸಣ್ಣ ಬೈಕುಗಳಲ್ಲಿ ದೀಪಕ್ಕೆ ಬರುವುದು ಎಸಿ ವಿದ್ಯುತ್ತು. ಅಲ್ಲಿ ಈ ಜೋಡಣೆ ಕೆಲಸ ಮಾಡುವುದಿಲ್ಲ. ಹೆಚ್ಚುವರಿ ದೀಪಗಳನ್ನು ಹಾಕುವವರು ಲೆಕ್ಕವನ್ನೂ ಹಾಕಬೇಕು: 55 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ, ಅಂಥ ಎರಡು ಬಲ್ಬುಗಳು ಸಣ್ಣ ಬೈಕಿನಲ್ಲಿ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರಿನ ಮಿಕ್ಕ ಶಕ್ತಿಯನ್ನೆಲ್ಲ ನುಂಗಿ ಬ್ಯಾಟರಿಗೂ ಕೈಹಾಕುತ್ತವೆ.

ಮೊಬೈಲ್ ಚಾರ್ಜರ್ ಇದಕ್ಕೆ ಹೋಲಿಸಿದರೆ ಹಗುರ. 10 ವ್ಯಾಟಿನದ್ದಾದರೆ ಒಂದು ಆಂಪಿಯರಿನ ಆಸುಪಾಸು. ಅದನ್ನು ಕೀಲಿ ತಿರುಗಿಸಿದಾಗ ಮಾತ್ರ ಜೀವಬರುವ ತಂತಿಗೆ ಸೇರಿಸಿದರೆ, ನಿಂತ ಬೈಕಿನ ಬ್ಯಾಟರಿ ಸದ್ದಿಲ್ಲದೆ ಬರಿದಾಗುವುದಿಲ್ಲ. ಬ್ಯಾಟರಿಯಿಂದ ತಂತಿ ಎಳೆದಾಗ ಫ್ಯೂಸು ಬ್ಯಾಟರಿಗೆ ಆದಷ್ಟು ಹತ್ತಿರವಿರಬೇಕು, ಏಕೆಂದರೆ ಅದು ಕಾಯುವುದು ತಂತಿಯನ್ನು, ಚಾರ್ಜರನ್ನಲ್ಲ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್ ತೆಗೆಯಿರಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿರಿ. ಜೋಡಣೆಗಳಿಗೆ ಕಪ್ಪು ಟೇಪು ಬೇಡ. ಬಿಸಿಗೆ ಅದು ಅಂಟುಗಟ್ಟಿ ಬಿಚ್ಚಿಕೊಳ್ಳುತ್ತದೆ. ಒತ್ತಿ ಕೂರಿಸುವ ಕನೆಕ್ಟರು ಮತ್ತು ಕಾಯಿಸಿದರೆ ಕುಗ್ಗುವ ಕೊಳವೆ ಬಾಳಿಕೆ ಬರುತ್ತವೆ.

ಇಂಡಿಕೇಟರಿಗೆ ಎಲ್‌ಇಡಿ ಹಾಕಿದ ಮೇಲೆ ಅದು ಅವಸರವಸರವಾಗಿ ಮಿನುಗತೊಡಗಿದರೆ ಎಲ್‌ಇಡಿಗೆ ಹೊಂದುವ ಫ್ಲಾಷರ್ (ಮಿನುಗಿಸುವ ಸಾಧನ) ಬೇಕು. ಆದರೆ ತಂತಿ ಬಲ್ಬಿಗಾಗಿ ಮಾಡಿದ ಹೆಡ್‌ಲೈಟಿನಲ್ಲಿ ಎಲ್‌ಇಡಿ ಬಲ್ಬನ್ನು ತುರುಕುವುದನ್ನು ನಾನು ಒಪ್ಪುವುದಿಲ್ಲ: ಅದರ ಪ್ರತಿಫಲಕದ ಬಾಗು ತಂತಿಯಿರುವ ಒಂದು ಬಿಂದುವಿಗೆ ಲೆಕ್ಕಹಾಕಿದ್ದು, ಬೆಳಕಿನ ಮೂಲ ಅಲ್ಲಿಂದ ಸರಿದರೆ ಬೆಳಕು ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಬೀಳುತ್ತದೆ.

ಹಳೆಯ ಸಾಮಾನಿನಿಂದ ಆಗುವ ಮಾರ್ಪಾಡುಗಳು

ಮುಂದಿನ ಮಡ್‌ಗಾರ್ಡ್ ಗಿಡ್ಡವಾಗಿರುವ ಬೈಕುಗಳಲ್ಲಿ ಗಾಲಿ ಎರಚುವ ಕೆಸರು ನೇರವಾಗಿ ಎಂಜಿನ್ನಿನ ರೆಕ್ಕೆಗಳಿಗೋ ರೇಡಿಯೇಟರಿಗೋ ಹೊಡೆಯುತ್ತದೆ. ಬಾಗುವ ಪ್ಲಾಸ್ಟಿಕ್ ಹಾಳೆ ಅಥವಾ ಹಳೆಯ ರಬ್ಬರ್ ಮ್ಯಾಟಿನಿಂದ ಕಾಗದದ ಅಳತೆಯಂತೆ ತುಂಡೊಂದನ್ನು ಕತ್ತರಿಸಿ, ಮಡ್‌ಗಾರ್ಡಿನ ಹಿಂತುದಿಗೆ ಒಳಗಿನಿಂದ ಚಪ್ಪಟೆ ತಲೆಯ ಮೂರು ಸಣ್ಣ ಬೋಲ್ಟುಗಳಿಂದ ಬಿಗಿದರೆ ಕೆಲಸ ಮುಗಿಯಿತು. ತುಂಡಿಗೂ ಟೈರಿಗೂ ನಡುವೆ ಬೆರಳೆರಡು ತೂರುವಷ್ಟು ಜಾಗವಿರಬೇಕು, ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕು ಪೂರ್ತಿ ಕುಗ್ಗಿದಾಗ ಅದು ಎಂಜಿನ್ನಿಗಾಗಲಿ ಸೈಲೆನ್ಸರಿಗಾಗಲಿ ತಾಗಬಾರದು.

ಫೋರ್ಕಿನ ಸೀಲಿನಿಂದ ಎಣ್ಣೆ ಜಿನುಗತೊಡಗಿದರೆ ಸೀಲು ಹರಿದಿದೆಯೆಂದು ತೀರ್ಮಾನಿಸುವ ಮುನ್ನ, ಪ್ಲಾಸ್ಟಿಕ್ ಬಾಟಲಿಯ ಗೋಡೆಯಿಂದ ಬೆರಳಿನಷ್ಟು ಅಗಲದ ಪಟ್ಟಿ ಕತ್ತರಿಸಿ, ಅದರ ತುದಿಯಲ್ಲಿ ಸಣ್ಣ ಕೊಕ್ಕೆ ಮಾಡಿ, ಅಂಚುಗಳನ್ನು ನುಣುಪಾಗಿಸಿಕೊಳ್ಳಿ. ಧೂಳಿನ ಸೀಲನ್ನು ಮೇಲೆತ್ತಿ, ಪಟ್ಟಿಯನ್ನು ಕೊಳವೆಗೂ ಎಣ್ಣೆಯ ಸೀಲಿಗೂ ನಡುವೆ ತೂರಿಸಿ ಸುತ್ತಲೂ ಒಮ್ಮೆ ಎಳೆದರೆ, ಸಿಕ್ಕಿಕೊಂಡಿದ್ದ ಮಣ್ಣಿನ ಕಣಗಳು ಹೊರಬರುತ್ತವೆ. ಅದೆಷ್ಟೋ ಸೋರಿಕೆ ಇಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ, ಎಣ್ಣೆ ಬ್ರೇಕಿಗೆ ಇಳಿಯುವ ಮೊದಲೇ ಸೀಲನ್ನು ಬದಲಿಸಿ.

ಕ್ರೋಮಿನ ಮೇಲಿನ ತೆಳು ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆಮಾಡಿ ನೀರಿನಲ್ಲಿ ಅದ್ದಿ ಉಜ್ಜಬಹುದು. ಕ್ರೋಮ್ ಅದಕ್ಕಿಂತ ಗಟ್ಟಿಯಾದ್ದರಿಂದ ಗೀರು ಬೀಳುವುದಿಲ್ಲ. ಪೆಟ್ಟಿಗೆಗಳ ಬದಿಗೆ, ಹಿಂದಿನ ಮಡ್‌ಗಾರ್ಡಿಗೆ ಬೆಳಕು ಪ್ರತಿಫಲಿಸುವ ಟೇಪನ್ನು ಅಂಟಿಸುವುದು ಅತಿ ಅಗ್ಗದ ಮಾರ್ಪಾಡು, ಅಂದಕ್ಕಾಗಿ ಹಾಕುವ ಬಹುಪಾಲು ಸ್ಟಿಕ್ಕರುಗಳಿಗಿಂತ ಉಪಯುಕ್ತ.

ಇನ್ನು ಕೈಹಾಕದಿರುವುದೇ ಲೇಸಾದ ಕೆಲಸಗಳು. ಏರ್ ಫಿಲ್ಟರಿನ ಡಬ್ಬಿಯನ್ನು ಕೊರೆದರೆ ಅಥವಾ ಸೈಲೆನ್ಸರಿನ ಒಳಭಾಗವನ್ನು ಕಿತ್ತರೆ ಶಬ್ದ ಹೆಚ್ಚುತ್ತದೆ, ಶಕ್ತಿಯಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್ಟಿಗೂ ಒಳಬರುವ ಗಾಳಿಗೂ ಇದ್ದ ಲೆಕ್ಕ ತಪ್ಪಿ, ಪೆಟ್ರೋಲ್ ಸಾಲದ ಮಿಶ್ರಣ ಬಿಸಿಯಾಗಿ ಉರಿದು ಪಿಸ್ಟನ್ನಿಗೆ ಕುತ್ತು ತರುತ್ತದೆ. ಇಂಥ ಬದಲಾವಣೆಗಳು ಹಲವು ಕಡೆ ಕಾನೂನಿಗೂ ವಿಮೆಯ ಕರಾರಿಗೂ ವಿರುದ್ಧ. ಕಿರಿದಾದ ರಿಮ್ಮಿಗೆ ಅಗಲವಾದ ಟೈರು ಹಾಕಿದರೆ ಅದರ ಅಂಚುಗಳು ಒಳಕ್ಕೆ ಹಿಂಡಿಕೊಂಡು ಟೈರಿನ ಆಕಾರವೇ ಕೆಡುತ್ತದೆ, ತಿರುವಿನಲ್ಲಿ ನೆಲ ಹಿಡಿಯುವ ಭಾಗ ಬದಲಾಗುತ್ತದೆ. ಕೆಲವು ಬೈಕುಗಳಲ್ಲಿ ಅದು ಚೈನಿಗೂ ಉಜ್ಜುತ್ತದೆ. ಸ್ಪ್ರಿಂಗ್ ಕತ್ತರಿಸಿ ಬೈಕನ್ನು ತಗ್ಗಿಸುವುದು, ಚಾಸಿಗೆ ವೆಲ್ಡಿಂಗ್ ಮಾಡುವುದು ಹಿಂದಿರುಗಲಾಗದ ಕೆಲಸಗಳು. ಮಿಕ್ಕ ಯಾವುದನ್ನು ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹತ್ತಿರದಲ್ಲೇ ಒಂದು ಸುತ್ತು ಓಡಿಸಿ ಬಂದು ನಟ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಬಿಗಿದ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಮುಂದೆ ಅದು ಸಡಿಲವಾದಾಗ ಗೆರೆ ತುಂಡಾಗಿ ಕಾಣುತ್ತದೆ. ಬಿಚ್ಚಿದ ಮೂಲ ಭಾಗಗಳನ್ನು ಅವುಗಳ ಬೋಲ್ಟುಗಳ ಸಮೇತ ಹೆಸರು ಬರೆದ ಡಬ್ಬಿಯಲ್ಲಿ ಎತ್ತಿಡಿ.